ಪೆನಾಂಗ್‌ನಲ್ಲಿ ಒಂದು ದಿನ: ಬಾಡಿಗೆ ಕಾರಾ, ಟ್ಯಾಕ್ಸಿನಾ?

ಸಿಂಗಪುರದಿಂದ ಕ್ರೂಸ್ ಹತ್ತುವ ತುಮಕೂರಿನವರಿಗೆ, ಹಡಗು ಒಂದು ದಿನ ನಿಲ್ಲುವ ಮಲೇಷ್ಯಾದ ಪೆನಾಂಗ್ ದ್ವೀಪದಲ್ಲಿ ಕಾರು ಓಡಿಸೋದು ಕಷ್ಟವೇನಲ್ಲ. ಮಲೇಷ್ಯಾದಲ್ಲೂ ಎಡಗಡೆಯೇ ಸಂಚಾರ, ಸ್ಟೀರಿಂಗ್ ಬಲಕ್ಕೇ. ಹೊರಡುವ ಮೊದಲು ನಮ್ಮ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಳ್ಳಿ. ಬಾಲಿಕ್ ಪುಲಾವ್ ಕಡೆಯ ಡುರಿಯನ್, ಜಾಯಿಕಾಯಿ ತೋಟ ನೋಡುತ್ತಾ ಬೇಕಾದಲ್ಲಿ ನಿಲ್ಲಿಸೋಕೆ ಬಾಡಿಗೆ ಕಾರೇ ಸರಿ.

ಜಾರ್ಜ್ ಟೌನ್, ಕೆಕ್ ಲೋಕ್ ಸಿ ದೇವಸ್ಥಾನ, ಪೆನಾಂಗ್ ಹಿಲ್ ಇಷ್ಟೇ ಸಾಕಾ? ಹಾಗಾದ್ರೆ ಟ್ಯಾಕ್ಸಿ. ಜಾರ್ಜ್ ಟೌನ್‌ನ ಹಳೇ ಪೇಟೆ ಹಡಗುಕಟ್ಟೆಯಿಂದ ನಡೆದೇ ಹೋಗುವಷ್ಟು ಹತ್ತಿರ, ಅಲ್ಲಿ ಪಾರ್ಕಿಂಗ್ ಹುಡುಕೋದು ಸುಮ್ನೆ ತಲೆನೋವು. ದೇವರಾಯನದುರ್ಗಕ್ಕೆ ಹತ್ತಿಸುವ ಹಾಗೆ ಪೆನಾಂಗ್ ಹಿಲ್ ಬೆಟ್ಟಕ್ಕೆ ನಮ್ಮ ಕಾರು ಹತ್ತಿಸೋಕಾಗಲ್ಲ. 1923ರಲ್ಲಿ ಶುರುವಾದ ಕೇಬಲ್ ಎಳೆಯುವ ರೈಲೇ ಗತಿ, ಕ್ಯೂ ಜಾಸ್ತಿ.

ಹಡಗಿನವರದೇ ಟೂರ್ ತಡವಾದರೆ ಸಾಮಾನ್ಯವಾಗಿ ಕಾಯುತ್ತಾರೆ. ಸ್ವಂತವಾಗಿ ಹೋದವರಿಗೆ ಕಾಯುವುದಿಲ್ಲ! ಅಪ್ಪ, ಅಮ್ಮ ಜೊತೆಗಿದ್ದರೆ ನನ್ನ ಓಟು ಟ್ಯಾಕ್ಸಿಗೇ.