ಯಾವ ಸಂಘಟನೆಗೂ ಸೇರದವರ ಕಣ್ಣಲ್ಲಿ ಫ್ರೀಡಂ ಪಾರ್ಕ್

ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಉದ್ಯಾನವೆಂದು ಅಂಕ ಕೊಟ್ಟವರು ಬೇಕಾದಷ್ಟು ಜನ ಇದ್ದಾರೆ. ನಾನು ಇಲ್ಲಿ ಅದನ್ನು ನಗರವು ತನ್ನ ನಾಗರಿಕರಿಗೆ ಒದಗಿಸಿರುವ ಒಂದು ಸೇವೆಯಾಗಿ, ಅಂದರೆ ಪ್ರತಿಭಟಿಸಲು ಗೊತ್ತುಮಾಡಿಕೊಟ್ಟಿರುವ ಜಾಗವಾಗಿ ನೋಡಿ ಬರೆಯುತ್ತಿದ್ದೇನೆ. ಕೂಲಿ, ಭೂಮಿ, ಜಾತಿ ತಾರತಮ್ಯದ ಪ್ರಶ್ನೆಗಳು ಎದ್ದಾಗ ಯಾರ ಪಕ್ಕದಲ್ಲಿ ನಿಲ್ಲಬೇಕೆಂಬ ವಿಚಾರದಲ್ಲಿ ಗೊಂದಲವಿಲ್ಲದ, ಆದರೆ ಪಕ್ಷದ ಸದಸ್ಯತ್ವವಾಗಲಿ ಕಾರ್ಮಿಕ ಸಂಘದ ರಸೀದಿಯಾಗಲಿ ಇಲ್ಲದ ಎಡ ಒಲವಿನ ಜನ ಈ ಊರಿನಲ್ಲಿ ಸಾಕಷ್ಟಿದ್ದಾರೆ. ನಾನೂ ಅವರಲ್ಲೊಬ್ಬ. ಇಂಥವರಿಗೆ ಈ ಜಾಗ ಎಷ್ಟರಮಟ್ಟಿಗೆ ಉಪಯೋಗಕ್ಕೆ ಬರುತ್ತದೆ ಎಂಬುದಷ್ಟೇ ಈ ವಿಮರ್ಶೆಯ ವಿಷಯ.

ಶೇಷಾದ್ರಿ ರಸ್ತೆಯ ಈ ಆವರಣ ಹಿಂದೆ ಕೇಂದ್ರ ಕಾರಾಗೃಹವಾಗಿತ್ತು. ಸೆರೆಮನೆ ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ ಕಾವಲು ಗೋಪುರವನ್ನೂ ಕೆಲವು ಬ್ಯಾರಕ್‌ಗಳನ್ನೂ ಉಳಿಸಿಕೊಂಡು 2008ರಲ್ಲಿ ಉದ್ಯಾನವನ್ನಾಗಿ ತೆರೆದರು. ಒಂದು ಭಾಗವನ್ನು ಧರಣಿ, ಸಭೆಗಳಿಗೆಂದು ಬಿಟ್ಟರು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ, ಸಮಾಜವಾದಿ ಮಧು ದಂಡವತೆ ಇದ್ದದ್ದು ಇದೇ ಸೆರೆಮನೆಯಲ್ಲಿ. ಲೋಹಿಯಾವಾದಿಯಾಗಿದ್ದ ನಟಿ ಸ್ನೇಹಲತಾ ರೆಡ್ಡಿಯವರು 1976ರಲ್ಲಿ ಇಲ್ಲಿ ಬಂದಿಯಾಗಿ, ಆಸ್ತಮಾದಿಂದ ನರಳಿ, 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಎಡದವರೂ ಬಲದವರೂ ತಮ್ಮದೆನ್ನಬಹುದಾದ ಗೋಡೆಗಳಿವು, ಈಗಲೂ ಎಲ್ಲ ಬಣ್ಣದ ಶಾಲುಗಳೂ ಇಲ್ಲಿಗೇ ಬರುತ್ತವೆ. ಒಂದೇ ದಿನ ಎರಡು ಮೂರು ಶಾಮಿಯಾನಗಳು ಅಕ್ಕಪಕ್ಕ ಎದ್ದಿರುವುದೂ ಉಂಟು. ಆದ್ದರಿಂದ ಅಂದು ಯಾರ ಧರಣಿ, ಬೇಡಿಕೆ ಏನು ಎಂದು ಮೊದಲೇ ತಿಳಿದುಕೊಂಡು ಹೋಗುವುದು ಕ್ಷೇಮ.

ಬಂದು ಕೂರುವವರಿಗೆ ಈ ಸೇವೆಯಲ್ಲಿ ನಾನು ಪೂರ್ತಿ ಅಂಕ ಕೊಡುತ್ತೇನೆ. ಗೇಟಿನಲ್ಲಿ ಯಾರೂ ಸದಸ್ಯತ್ವದ ಚೀಟಿ ಕೇಳುವುದಿಲ್ಲ. ಒಳಗೆ ಹೋದ ಮೇಲೆ ಮಾತ್ರ ಯಾರಾದರೊಬ್ಬರು, ಕುಶಲ ವಿಚಾರಿಸುವ ದನಿಯಲ್ಲೇ, "ಯಾವ ಸಂಘಟನೆ ನಿಮ್ಮದು?" ಎಂದು ಕೇಳುತ್ತಾರೆ. "ಯಾವುದೂ ಇಲ್ಲ ಸರ್, ಬೆಂಬಲ ಕೊಡೋಣ ಅಂತ ಬಂದೆ" ಎಂದರೆ ಅರೆಗಳಿಗೆಯ ಮೌನ, ಆಮೇಲೆ ಕುರ್ಚಿ. ಆ ಮೌನಕ್ಕೆ ಹೆದರಿ ಹಿಂದಿರುಗುವ ಅಗತ್ಯವಿಲ್ಲ. ಸಂವಿಧಾನದ 19ನೇ ವಿಧಿ ಶಾಂತಿಯುತವಾಗಿ ಸಭೆ ಸೇರುವ ಹಕ್ಕನ್ನೂ ಸಂಘ ಕಟ್ಟುವ ಹಕ್ಕನ್ನೂ ಬೇರೆ ಬೇರೆ ಉಪವಿಧಿಗಳಲ್ಲಿ ಕೊಟ್ಟಿದೆ. ಎರಡನೆಯದನ್ನು ಬಳಸದವರು ಮೊದಲನೆಯದನ್ನು ಕಳೆದುಕೊಳ್ಳುವುದಿಲ್ಲ. ಹೊಸಬರಿಗೆ ನಿಜವಾದ ತೊಡಕು ಬಾವುಟಗಳದು. ಬೇರೆ ಬೇರೆ ಎಡಪಕ್ಷಗಳಿಗೆ ಹತ್ತಿರದ ಕಾರ್ಮಿಕ ಸಂಘಟನೆಗಳಾದ ಸಿಐಟಿಯು, ಎಐಟಿಯುಸಿ, ಎಐಯುಟಿಯುಸಿ ಮೂರರದೂ ಕೆಂಪೇ ಆದ್ದರಿಂದ ದೂರದಿಂದ ನೋಡಿದವರಿಗೆ ಒಂದೇ ಎನಿಸುತ್ತದೆ, ಒಳಗಿರುವವರಿಗೆ ಆ ವ್ಯತ್ಯಾಸ ಬಹಳ ಮುಖ್ಯ.

2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ನಾಲ್ಕು ದಿನ ನಡೆಸಿದ ಅಹೋರಾತ್ರಿ ಧರಣಿಯನ್ನು ನೋಡಿದವರಿಗೆ ಈ ಜಾಗದ ಸ್ವರೂಪ ಚೆನ್ನಾಗಿ ಅರ್ಥವಾಗಿರುತ್ತದೆ. ರಾತ್ರಿ ರೈಲಿನಲ್ಲಿ ಮೆಜೆಸ್ಟಿಕ್‌ಗೆ ಬಂದಿಳಿದು, ಬ್ಯಾಗು ಹೆಗಲಿಗೆ ಹಾಕಿಕೊಂಡು ನಡೆದೇ ಬಂದ ಗುಲಾಬಿ ಸೀರೆಯ ಹೆಂಗಸರು. ಜಿಲ್ಲೆಯ ಹೆಸರು ಕರೆದು ಸಾಲು ಹೊಂದಿಸುವ ಮೈಕು. ಜನವರಿಯ ಚಳಿಗೆ ಕಿವಿ ಮುಚ್ಚುವಂತೆ ಸೆರಗು ಬಿಗಿದುಕೊಂಡು ಚಾಪೆಯ ಮೇಲೆ ಒರಗಿದವರು. ಬೇಡಿಕೆ ತಿಂಗಳಿಗೆ 15,000 ರೂಪಾಯಿಯದು, ಕೊನೆಗೆ ಮುಖ್ಯಮಂತ್ರಿಗಳಿಂದ ಸಿಕ್ಕಿದ ಭರವಸೆ ಕನಿಷ್ಠ 10,000 ರೂಪಾಯಿಯದು. ಭಾಷಣ ಕೇಳಿ ಚಪ್ಪಾಳೆ ತಟ್ಟಿದರೆ ಇಂಥ ಕಡೆ ಹೊರಗಿನವರ ಕೆಲಸ ಮುಗಿಯಿತು ಎಂದು ನಾವು ತಿಳಿದಿರುತ್ತೇವೆ. ವೇದಿಕೆಯ ಹಿಂದೆ ಹೋಗಿ ಕೇಳಿದರೆ ಮಾಡಲು ಬೇಕಾದಷ್ಟಿರುತ್ತದೆ: ಪತ್ರಿಕಾ ಹೇಳಿಕೆಯನ್ನು ಇಂಗ್ಲಿಷಿಗೆ ತಿರುಗಿಸುವುದು, ಮನವಿ ಪತ್ರದ ಪ್ರತಿಗಳನ್ನು ಜೆರಾಕ್ಸ್ ಮಾಡಿಸಿ ತರುವುದು, ಹುಷಾರಿಲ್ಲದವರನ್ನು ಆಟೋ ಹತ್ತಿಸುವುದು, ಫೋನ್ ಚಾರ್ಜ್ ಮಾಡಿಕೊಡುವುದು. ಇವಕ್ಕೆ ಯಾವ ಸಮಿತಿಯ ಅನುಮೋದನೆಯೂ ಬೇಡ.

ವೇಳೆಯ ವಿಚಾರದಲ್ಲಿ ಒಂದು ಮಾತು. ಒಂದು ದಿನದ ಧರಣಿಗಳು ಸಾಮಾನ್ಯವಾಗಿ ಹಗಲಿನವು; ಅಧಿಕಾರಿಯೊಬ್ಬರು ಬಂದು ಮನವಿ ಸ್ವೀಕರಿಸಿದರೆ ಸಂಜೆಯೊಳಗೆ ಶಾಮಿಯಾನ ಬಿಚ್ಚುತ್ತಾರೆ. ನೌಕರಿಯಲ್ಲಿರುವವರಿಗೆ ಅವು ದಕ್ಕುವುದು ಕಷ್ಟ. ಅಹೋರಾತ್ರಿ ಧರಣಿಗಳಲ್ಲಿ ಮಾತ್ರ ಸಂಜೆ ಆರರ ನಂತರ ಕ್ಯಾಮೆರಾಗಳೂ ನಾಯಕರೂ ಹೊರಟುಹೋಗಿ, ಹೋರಾಟದ ಹಾಡು ಹೇಳುವವರೂ ಊರಿನ ಕಷ್ಟ ಹೇಳಿಕೊಳ್ಳುವವರೂ ಉಳಿಯುತ್ತಾರೆ. ಕಚೇರಿ ಮುಗಿಸಿ ಬರುವವರಿಗೆ ಹೇಳಿ ಮಾಡಿಸಿದ ಹೊತ್ತು ಅದು, ನನ್ನ ಮಟ್ಟಿಗೆ ಇಡೀ ದಿನದ ಭಾಷಣಗಳಿಗಿಂತ ಹೆಚ್ಚು ಕಲಿಸುವ ಹೊತ್ತೂ ಹೌದು.

ತಾವೇ ಏನನ್ನಾದರೂ ನಡೆಸಬೇಕೆಂದುಕೊಂಡವರಿಗೆ ಈ ಸೇವೆ ಅಷ್ಟು ಒಗ್ಗುವುದಿಲ್ಲ. ಪ್ರತಿಭಟನೆ, ಮೆರವಣಿಗೆಗಳಿಂದ ಸಂಚಾರಕ್ಕೆ ಆಗುವ ಅಡಚಣೆಯ ಬಗ್ಗೆ 2021ರಲ್ಲಿ ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಅದೇ ವರ್ಷ ಹೊರಬಂದ ಆದೇಶವೊಂದು ಬೆಂಗಳೂರಿನ ಪ್ರತಿಭಟನೆಗಳನ್ನು ಪೊಲೀಸರ ಅನುಮತಿಯೊಂದಿಗೆ ಫ್ರೀಡಂ ಪಾರ್ಕಿನಲ್ಲೇ ನಡೆಸಬೇಕೆಂದು ವಿಧಿಸಿತು. ಲೆಟರ್‌ಹೆಡ್ಡು, ಪದಾಧಿಕಾರಿಗಳು, ಅರ್ಜಿ ಹಿಡಿದು ಓಡಾಡುವ ಹಳೆಯ ಕಾರ್ಯಕರ್ತರು ಇರುವ ಸಂಘಟನೆಗೆ ಇದೇನೂ ದೊಡ್ಡದಲ್ಲ. ಆದರೆ ಬಿಡಿ ನಾಗರಿಕರಿಗೆ ಸಹಜವಾಗಿದ್ದ ಪ್ರತಿಭಟನೆಯ ರೂಪವೇ ಬೇರೆ ಇತ್ತು. 2017ರ ಜೂನ್ 28ರಂದು, ಗುಂಪು ಹತ್ಯೆಗಳನ್ನು ಖಂಡಿಸಿ, ಕೈಬರಹದ ಫಲಕಗಳನ್ನು ಹಿಡಿದ ಜನ ಟೌನ್‌ಹಾಲ್ ಮೆಟ್ಟಿಲುಗಳ ಮೇಲೆ ಸೇರಿದ್ದರು. ಎಷ್ಟೋ ಮಂದಿ ಬಂದದ್ದು ತಮ್ಮಷ್ಟಕ್ಕೆ ತಾವೇ. ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದಲೇ ಓದಬಹುದಾದ ಪ್ರತಿಭಟನೆ ಅದು. ಆ ಮೆಟ್ಟಿಲುಗಳ ಮೇಲೆ ಇಪ್ಪತ್ತು ಜನ ನಿಂತರೂ ಕಣ್ಣಿಗೆ ಬೀಳುತ್ತಿದ್ದರು. ಅದೇ ಇಪ್ಪತ್ತು ಜನ ಫ್ರೀಡಂ ಪಾರ್ಕಿನ ಅಷ್ಟು ದೊಡ್ಡ ಆವರಣದಲ್ಲಿ ನಿಂತರೆ ಅವರನ್ನು ನೋಡುವವರು ಬಂದೋಬಸ್ತಿನ ಪೊಲೀಸರು ಮತ್ತು ಪಕ್ಕದ ಶಾಮಿಯಾನದವರು ಮಾತ್ರ. ಸಾವಿರಾರು ಜನರನ್ನು ಕರೆತರಬಲ್ಲವರಿಗೆ ಹೊಂದುವ ಅಳತೆಯನ್ನು ಎಲ್ಲರಿಗೂ ಒಂದೇ ಎಂದು ಇಟ್ಟಿರುವುದು ಈ ವ್ಯವಸ್ಥೆಯ ದೊಡ್ಡ ಕೊರತೆ, ಈ ಒಂದು ಕಾರಣಕ್ಕೆ ಐದರಲ್ಲಿ ಎರಡು ನಕ್ಷತ್ರ ಕಡಿಮೆ ಮಾಡುತ್ತೇನೆ.

ಹಾಗೆಂದು ಇಲ್ಲಿ ಕೂತರೆ ಫಲವಿಲ್ಲ ಎನ್ನುವವರ ಮಾತನ್ನು ಒಪ್ಪಲಾಗುವುದಿಲ್ಲ. ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು ಭೂಸ್ವಾಧೀನದ ವಿರುದ್ಧ 2022ರಿಂದ ಊರಿನಲ್ಲೇ ಧರಣಿ ಕೂತಿದ್ದರು. 2025ರ ಜೂನ್ 25ರಂದು ದೇವನಹಳ್ಳಿಯಲ್ಲಿ ಪೊಲೀಸರು ಹೋರಾಟಗಾರರನ್ನು ಎಬ್ಬಿಸಿದ ಮೇಲೆ ಧರಣಿ ಫ್ರೀಡಂ ಪಾರ್ಕಿಗೆ ಬಂತು. ರೈತರ ಹಸಿರು, ದಲಿತರ ನೀಲಿ, ಕಾರ್ಮಿಕರ ಕೆಂಪು ಒಂದೇ ವೇದಿಕೆಯ ಮೇಲಿದ್ದವು, ಯಾವ ಶಾಲೂ ಇಲ್ಲದ ಬರಹಗಾರರು, ಕಲಾವಿದರು, ವಿದ್ಯಾರ್ಥಿಗಳು ಕೆಳಗೆ ಕೂತಿದ್ದರು. ಜುಲೈ 15ರಂದು 1,777 ಎಕರೆಯ ಸ್ವಾಧೀನವನ್ನು ಕೈಬಿಡುವುದಾಗಿ ಸರ್ಕಾರ ಘೋಷಿಸಿತು. ಮೂರು ವರ್ಷಕ್ಕೂ ಮಿಕ್ಕಿ ಊರಲ್ಲಿ ಪಟ್ಟು ಹಿಡಿದು ಕೂತವರದ್ದೇ ಆ ಗೆಲುವು. ಆದರೂ ರಾಜಧಾನಿಯ ನಡುವೆ, ವಿಧಾನಸೌಧದ ಸಮೀಪದಲ್ಲೇ ಇದ್ದ ಆ ಕೊನೆಯ ವಾರಗಳಲ್ಲಿ ಸಂಘಟನೆಯ ಹಂಗಿಲ್ಲದವರ ಹಾಜರಿಯೂ ಲೆಕ್ಕಕ್ಕೆ ಬಂತೆಂದೇ ನನ್ನ ಅಭಿಪ್ರಾಯ.

ಮೊದಲ ಸಲ ಹೋಗುವವರು ಮೆಜೆಸ್ಟಿಕ್ ಅಥವಾ ಸೆಂಟ್ರಲ್ ಕಾಲೇಜಿನ ಮೆಟ್ರೊ ನಿಲ್ದಾಣದಲ್ಲಿ ಇಳಿದು ನಡೆದುಕೊಂಡೇ ಹೋಗಬಹುದು. ನೀರಿನ ಬಾಟಲಿ, ಟೋಪಿ, ಒಂದು ದಪ್ಪ ಮಾರ್ಕರ್ ಪೆನ್ನು ಜೊತೆಗಿರಲಿ. ಮಾರ್ಕರ್ ಇದ್ದವರನ್ನು ಯಾರಾದರೂ ಕರೆದು ಫಲಕ ಬರೆಯಲು ಕೂರಿಸುತ್ತಾರೆ. ಹಾಜರಿ ಪುಸ್ತಕ ಕೈಗೆ ಬಂದರೆ ಸಂಘಟನೆಯ ಅಂಕಣದಲ್ಲಿ "ನಾಗರಿಕರು" ಎಂದು ಬರೆದರೆ ಸಾಕು. ಫೋನ್ ನಂಬರ್ ಕೊಟ್ಟರೆ ಮುಂದಿನ ವಾರದಿಂದಲೇ ವಾಟ್ಸ್ಆ್ಯಪ್ ಗುಂಪುಗಳಿಗೆ ಸೇರಿಸುತ್ತಾರೆ, ಕೊಡುವ ಮುನ್ನ ಅಷ್ಟು ಯೋಚಿಸಿ.