ಮನೆಯಲ್ಲಿ ಗಿಟಾರ್ ರೆಕಾರ್ಡಿಂಗ್: ಮೊಬೈಲೇ, ಯುಎಸ್‌ಬಿ ಮೈಕೇ, ಇಂಟರ್‌ಫೇಸೇ?

ಖರ್ಚಿನ ಲೆಕ್ಕದಲ್ಲಿ ಮೊಬೈಲಿಗೆ ಎದುರಿಲ್ಲ, ಕೈಯಲ್ಲೇ ಇದೆ. ಆದರೆ ಅದು ಧ್ವನಿಮಟ್ಟವನ್ನು ತಾನೇ ಏರಿಳಿಸುವುದುಂಟು: ಜೋರಾಗಿ ಮೀಟಿದರೆ ಅದುಮುತ್ತದೆ, ತಂತಿಯ ನಾದ ಆರುವ ಹೊತ್ತಿಗೆ ಫ್ಯಾನಿನ ಗುಂಯ್‌ಗುಡುವಿಕೆಯನ್ನು ಎತ್ತಿ ತೋರಿಸುತ್ತದೆ. ಹೊಳೆದ ರಾಗವನ್ನು ಗುರುತಿಟ್ಟುಕೊಳ್ಳುವವರಿಗೆ ಇಷ್ಟು ಸಾಕು.

ಒಬ್ಬರೇ ನುಡಿಸಿ ವಿಡಿಯೊ ಹಾಕುವವರಿಗೆ ಯುಎಸ್‌ಬಿ ಮೈಕ್ ಹಿತ. ಒಂದೇ ಕೇಬಲ್ಲಿನಲ್ಲಿ ಕೆಲಸ ಮುಗಿಯುತ್ತದೆ. ನಾಳೆ ಎರಡನೇ ಮೈಕ್ ಬೇಕೆನಿಸಿದರೆ ಮಾತ್ರ, ಒಂದೇ ಕಂಪ್ಯೂಟರಿಗೆ ಎರಡನ್ನೂ ಹೊಂದಿಸುವುದು ತಲೆನೋವು.

ಹಾಡು, ಗಿಟಾರ್ ಎರಡನ್ನೂ ಒಟ್ಟಿಗೇ ನುಡಿಸುತ್ತ ಬೇರೆಬೇರೆ ಟ್ರ್ಯಾಕ್‌ಗಳಲ್ಲಿ ಹಿಡಿಯಬೇಕೆನ್ನುವವರು ಎರಡು ಇನ್‌ಪುಟ್‌ನ ಇಂಟರ್‌ಫೇಸ್ (ಮೈಕಿನ ಸದ್ದನ್ನು ಕಂಪ್ಯೂಟರಿಗೆ ಒಯ್ಯುವ ಪುಟ್ಟ ಪೆಟ್ಟಿಗೆ) ಕೊಳ್ಳಲಿ. ಮೈಕ್, ಸ್ಟ್ಯಾಂಡ್, ಮೈಕನ್ನು ಅದಕ್ಕೆ ಜೋಡಿಸುವ ಎಕ್ಸ್‌ಎಲ್‌ಆರ್ ಕೇಬಲ್ ಎಂದು ಖರ್ಚು ಬೆಳೆಯುತ್ತದೆ. ಕಂಡೆನ್ಸರ್ ಎಂಬ ಸೂಕ್ಷ್ಮ ಬಗೆಯ ಮೈಕಿಗೆ 48 ವೋಲ್ಟ್ ಫ್ಯಾಂಟಮ್ ವಿದ್ಯುತ್ (ಇಂಟರ್‌ಫೇಸ್ ಅದೇ ಕೇಬಲ್ಲಿನಲ್ಲಿ ಕೊಡುವ ವಿದ್ಯುತ್) ಬೇಕು; ಇಂಟರ್‌ಫೇಸಿನಲ್ಲಿರುವ ಅದರ ಗುಂಡಿ ಒತ್ತುವುದನ್ನು ಮರೆತು, ಮೈಕ್ ಕೆಟ್ಟಿದೆಯೆಂದು ಒಂದಿಡೀ ಸಂಜೆ ಬೈದುಕೊಂಡವನು ನಾನು. ನಿಜವಾಗಿ ಕೆಟ್ಟರೆ ಮೈಕನ್ನಷ್ಟೇ ಬದಲಿಸಬಹುದು, ಅದು ಲಾಭ.

ಯಾವುದನ್ನೇ ಆರಿಸಿದರೂ ಗಿಟಾರಿನ ರಂಧ್ರದ ನೇರಕ್ಕೆ ಇಡಬೇಡಿ, ಸದ್ದು ಗುಮ್ಮೆನ್ನುತ್ತದೆ. 12ನೇ ಫ್ರೆಟ್ಟಿನ ಎದುರು, ಒಂದು ಗೇಣು ದೂರದಿಂದ ಆರಂಭಿಸಿ. ಟೈಲ್ಸಿನ ಖಾಲಿ ಹಾಲಿಗಿಂತ ಹಾಸಿಗೆ, ಬಟ್ಟೆಬರೆ ತುಂಬಿದ ಕೋಣೆ ಮೇಲು. ಕುಕ್ಕರ್ ಕೂಗಿ ಮುಗಿಯುವವರೆಗೆ ಕಾಯಿರಿ.