ಮೆಕ್ಯಾನಿಕ್ಸ್ ಬೋಲ್ಟೋ, ಟೆಕ್ನಿಕ್ ಪಿನ್ನೋ: ಆಟಿಕೆ ಕ್ರೇನಿನ ಕೀಲಿಗೆ ಯಾವುದು ಸರಿ?

ನೇರವಾಗಿ ಹೇಳಿಬಿಡುತ್ತೇನೆ. ಅಲ್ಲಾಡಬಾರದ ಕೀಲಿಗೆ ನಟ್ಟು-ಬೋಲ್ಟು. ಆಡಬೇಕಾದ ಕೀಲಿಗೆ ಪಿನ್ನು. ಮಕ್ಕಳು ಸಾಮಾನ್ಯವಾಗಿ ಇದ್ದದ್ದರಲ್ಲೇ ಎರಡನ್ನೂ ಮಾಡಲು ಹೋಗುತ್ತಾರೆ, ತೊಂದರೆ ಶುರುವಾಗುವುದೇ ಅಲ್ಲಿ.

ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಚೀಲ ಹೊರುವ ಹಮಾಲರನ್ನು ನೋಡಿ, ಅಕ್ಕನ ಮಗನಿಗೆ ಶಾಲೆಯ ವಸ್ತುಪ್ರದರ್ಶನಕ್ಕೆ ಕ್ರೇನ್ ಮಾಡುವ ಹುಕಿ ಬಂದಿತ್ತು. ಅರ್ಧ ಲೀಟರ್ ನೀರಿನ ಬಾಟಲಿ ಎತ್ತಬೇಕು, ತೋಳು ಜೋತು ಬೀಳಬಾರದು, ಇಷ್ಟೇ ಲೆಕ್ಕ. ಮನೆಯಲ್ಲಿ ಮೆಕ್ಯಾನಿಕ್ಸ್ ಸೆಟ್ಟಿನ, ನಟ್ಟು-ಬೋಲ್ಟಿನಿಂದ ಜೋಡಿಸುವ ತೂತಿನ ಲೋಹದ ಪಟ್ಟಿಗಳಿದ್ದವು. ಲೆಗೊ ಟೆಕ್ನಿಕ್ ಬೀಮುಗಳಿದ್ದವು, ಅಂದರೆ ಪಿನ್ನು ಸಿಕ್ಕಿಸಿ ಜೋಡಿಸುವ ತೂತಿನ ಪ್ಲಾಸ್ಟಿಕ್ ಪಟ್ಟಿಗಳು. ಒಂದರ ಮೇಲೊಂದು ಒತ್ತುವ ಮಾಮೂಲಿ ಇಟ್ಟಿಗೆಗಳಂತೂ ಒಂದು ಬುಟ್ಟಿ ತುಂಬಾ ಇದ್ದವು. ಅದೇ ತೋಳನ್ನು ಮೂರರಲ್ಲೂ ಕಟ್ಟಿ ನೋಡಿದೆವು.

ಇಟ್ಟಿಗೆಯ ವಿಷಯ ಬೇಗ ಮುಗಿಸುತ್ತೇನೆ. ಗೋಡೆ ಕಟ್ಟಲು ಅದು ಚೆಂದ. ಅಡ್ಡ ಚಾಚಿದ ತೋಳು ಮಾತ್ರ ಬಾಟಲಿ ತೂಗುಹಾಕಿದ ಕೂಡಲೇ ಬುಡದಿಂದ ಕಿತ್ತು ಬಂತು. ಉಳಿಸಿಕೊಳ್ಳಲು ಒಂದು ಉಪಾಯ ಇದೆ. ಇಟ್ಟಿಗೆಯ ಎತ್ತರ 9.6 ಮಿ.ಮೀ., ತೆಳು ಪ್ಲೇಟಿನದು 3.2. ತೂತಿರುವ ಎರಡು ಇಟ್ಟಿಗೆಗಳ ನಡುವೆ ಎರಡು ಪ್ಲೇಟ್ ಇಟ್ಟರೆ ತೂತಿನಿಂದ ತೂತಿಗೆ ಸರಿಯಾಗಿ 16 ಮಿ.ಮೀ. ಆಗುತ್ತದೆ. ಬೀಮಿನ ತೂತುಗಳು 8 ಮಿ.ಮೀ.ಗೆ ಒಂದರಂತೆ ಇರುವುದರಿಂದ, ಒಂದು ಬೀಮನ್ನು ನಿಲುವಾಗಿ ಇಟ್ಟು ಪಿನ್ ಹಾಕಿದರೆ ಇಟ್ಟಿಗೆಗಳು ಬಿಡಿಸಿಕೊಳ್ಳುವುದಿಲ್ಲ. ಆದರೆ ಆಮೇಲೆ ಭಾರ ಹೊರುವುದು ಇಟ್ಟಿಗೆಯಲ್ಲ, ಪಿನ್ನು. ಹಾಗಿದ್ದ ಮೇಲೆ ಇಟ್ಟಿಗೆ ಯಾಕೆ ಬೇಕು?

ಮೆಕ್ಯಾನಿಕ್ಸ್ ಪಟ್ಟಿಯಲ್ಲಿ ಕಟ್ಟಿದ ಗೋಪುರ ಜಬರ್ದಸ್ತಾಗಿ ನಿಂತಿತು. ಬೋಲ್ಟು ಎರಡು ಪಟ್ಟಿಗಳನ್ನು ಅದುಮಿ ಹಿಡಿಯುತ್ತದಲ್ಲ, ಆ ಬಿಗಿ ಪ್ಲಾಸ್ಟಿಕ್ಕಿನಲ್ಲಿ ಸಿಗುವುದಿಲ್ಲ. ಹಾಗಂತ ಮೂಲೆಗೆ ಒಂದೊಂದೇ ಬೋಲ್ಟು ಹಾಕಿದ ಚೌಕ ಎಷ್ಟೇ ಬಿಗಿ ಮಾಡಿದರೂ ವಾಲುತ್ತದೆ. ಓರೆಯಾಗಿ ಒಂದು ಪಟ್ಟಿ ಕೊಟ್ಟರೆ ಮುಗಿಯಿತು, ತ್ರಿಕೋನ ವಾಲುವುದಿಲ್ಲ. ಮೂಲೆ ಪಕ್ಕಾ ಲಂಬಕೋನ ಆಗಬೇಕಾದರೆ 3-4-5ರ ಲೆಕ್ಕ ಹಿಡಿಯಿರಿ. ಎಣಿಸಬೇಕಾದ್ದು ತೂತುಗಳನ್ನಲ್ಲ, ತೂತುಗಳ ನಡುವಿನ ಅಂತರವನ್ನು. ಅಂದರೆ 4, 5 ಮತ್ತು 6 ತೂತಿನ ಪಟ್ಟಿಗಳು ಬೇಕು. ಟೆಕ್ನಿಕ್ ಬೀಮಿಗೂ ಇದೇ ಲೆಕ್ಕ.

ಮೊಣಕೈಗೆ ಬಂದಾಗ ಮಾತ್ರ ಬೋಲ್ಟು ಕೈಕೊಟ್ಟಿತು. ಬಿಗಿ ಮಾಡಿದರೆ ತೋಳು ಏಳುವುದಿಲ್ಲ. ಸ್ವಲ್ಪ ಸಡಿಲ ಬಿಟ್ಟರೆ, ತೋಳು ಮೇಲೆ ಕೆಳಗೆ ಆಡಿದ ಹಾಗೆಲ್ಲ ಪಟ್ಟಿ ನಟ್ಟನ್ನೂ ಜೊತೆಗೆ ತಿರುಗಿಸುತ್ತದೆ. ಸ್ವಲ್ಪ ಹೊತ್ತಿಗೆ "ಮಾವ, ನಟ್ಟು ಎಲ್ಲೋ ಬಿದ್ದೈತೆ!" ಅಂತ ಕೂಗು. ಇದಕ್ಕೆ ಮದ್ದು ಎರಡು ನಟ್ಟು. ಮೊದಲನೆಯದನ್ನು ತೋಳು ಆಡುವಷ್ಟು ಸಡಿಲ ಇಟ್ಟು, ಅದನ್ನು ಸ್ಪ್ಯಾನರಿನಲ್ಲಿ ಹಿಡಿದುಕೊಂಡು, ಎರಡನೆಯದನ್ನು ಅದರ ಮೇಲೆ ಬಿಗಿಯಬೇಕು. ಒಂದಕ್ಕೊಂದು ಒತ್ತಿಕೊಂಡು ಎರಡೂ ಅಲ್ಲೇ ನಿಲ್ಲುತ್ತವೆ. ಬೋಲ್ಟು ಮಾತ್ರ ಉದ್ದದ್ದು ಬೇಕು.

ಮಂಡಿಪೇಟೆಯ ಹಾರ್ಡ್‌ವೇರ್ ಅಂಗಡಿಗೆ ನಟ್ಟು ತರಲು ಹೋಗುವಾಗ ಸೆಟ್ಟಿನ ಬೋಲ್ಟನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಅಲ್ಲೇ ಹಾಕಿ ನೋಡಿ. ಯಾಕೆ ಹೇಳುತ್ತೇನೆ ಅಂದರೆ, ಈ ತೂತಿನ ಪಟ್ಟಿಯ ಆಟಿಕೆಗೆ 1901ರಲ್ಲಿ ಪೇಟೆಂಟ್ ಪಡೆದ ಇಂಗ್ಲೆಂಡಿನ ಫ್ರಾಂಕ್ ಹಾರ್ನ್‌ಬಿಯ ಹಳೇ ಮೆಕಾನೋ ಬೋಲ್ಟು 5/32 ಇಂಚಿನದು. ಅಂದರೆ 3.97 ಮಿ.ಮೀ. ಕಣ್ಣಿಗೆ 4 ಮಿ.ಮೀ. ಬೋಲ್ಟಿನ ಹಾಗೇ ಕಾಣುತ್ತದೆ. ಆದರೆ ಮೆಕಾನೋ ಬೋಲ್ಟಿನ ಮರೆಯ (ಮೈಮೇಲಿನ ಸುರುಳಿ ಗೆರೆಗಳ) ಅಂತರ 0.79 ಮಿ.ಮೀ., 4 ಮಿ.ಮೀ. ಬೋಲ್ಟಿನದ್ದು 0.7. ನಟ್ಟು ಒಂದೆರಡು ಸುತ್ತು ಹೋಗಿ ಕಚ್ಚಿಕೊಂಡುಬಿಡುತ್ತದೆ.

ಈಗ ಟೆಕ್ನಿಕ್. ಕಪ್ಪು ಪಿನ್ನಿನ ಮೈಮೇಲೆ ಬೆರಳಿಗೆ ಸಿಗುವಂಥ ಸಣ್ಣ ಏಣುಗಳಿವೆ, ಅದು ತೂತಿನಲ್ಲಿ ಬಿಗಿಯಾಗಿ ಕೂರುತ್ತದೆ. ಬೂದು ಬಣ್ಣದ್ದು ನುಣುಪು, ಸಲೀಸಾಗಿ ತಿರುಗುತ್ತದೆ. ಚೌಕಟ್ಟಿಗೆ ಕಪ್ಪು, ಕೀಲಿಗೆ ಬೂದು. ಅದಲು ಬದಲಾದರೆ ಕ್ರೇನು ಗೊಣಗುತ್ತದೆ.

ಪಿನ್ನನ್ನು ಅಡ್ಡಲಾಗಿ ಕತ್ತರಿಸುವ ಹಾಗೆ ಭಾರ ಬಿದ್ದರೆ ಅದು ಚೆನ್ನಾಗಿ ತಡೆಯುತ್ತದೆ. ಉದ್ದಕ್ಕೆ ಎಳೆದರೆ ಸುಮ್ನೆ ಹೊರಗೆ ಬರುತ್ತದೆ. ತೋಳನ್ನು ಗೋಪುರದ ಒಂದೇ ಪಕ್ಕಕ್ಕೆ ಸಿಕ್ಕಿಸಿದಾಗ ಆದದ್ದು ಇದೇ: ತೋಳು ಹೊರಕ್ಕೆ ವಾಲಿ, ಪಿನ್ನು ನಿಧಾನಕ್ಕೆ ಜಾರಿ ಬಂತು. ತೋಳಿನ ಎರಡೂ ಪಕ್ಕ ಬೀಮು ಕೊಟ್ಟು, ಮೂರರ ಮೂಲಕವೂ ಒಂದು ಆಕ್ಸೆಲ್ (ಉದ್ದನೆಯ ಕಡ್ಡಿ) ತೂರಿಸಿ, ಎರಡು ತುದಿಗೂ ಬುಷ್ (ಕಡ್ಡಿ ಜಾರದಂತೆ ತಡೆಯುವ ಸಣ್ಣ ಬಳೆ) ಹಾಕಿದ ಮೇಲೆ ಅದು ಜಪ್ಪಯ್ಯ ಅಂದರೂ ಜಾರಲಿಲ್ಲ. ನಾನು ನೋಡಿದ ಮೊಣಕೈಗಳಲ್ಲಿ ಇದೇ ಒಳ್ಳೆಯದು.

ಅಲ್ಲಾಡದೆ ನಿಲ್ಲಬೇಕಾದ ಕಡೆ ಎರಡು ಪಿನ್ನು ಹಾಕುತ್ತೇವಲ್ಲ, ಅವು ಎಷ್ಟು ದೂರ ಇರಬೇಕು ಅನ್ನುವುದೂ ಮುಖ್ಯ. ನಮ್ಮ ತೋಳು 16 ಸೆಂ.ಮೀ., ತುದಿಯಲ್ಲಿ ಅರ್ಧ ಕಿಲೋ. ಪಿನ್ನುಗಳು ಪಕ್ಕಪಕ್ಕದ ತೂತಿನಲ್ಲಿದ್ದರೆ, ಅಂದರೆ 8 ಮಿ.ಮೀ. ದೂರದಲ್ಲಿ, ಒಂದೊಂದರ ಮೇಲೂ ಸುಮಾರು 10 ಕಿಲೋ ಭಾರದಷ್ಟು ಬಲ ಬೀಳುತ್ತದೆ. 32 ಮಿ.ಮೀ. ದೂರ ಇಟ್ಟರೆ ಎರಡೂವರೆ ಕಿಲೋ ಅಷ್ಟೇ. ಬಾಗಿಲಿಗೆ ಬಿಜಾಗ್ರಿ ಮೇಲೊಂದು ಕೆಳಗೊಂದು ಹೊಡೆಯುವುದು ಇದಕ್ಕೇ ಅಲ್ವಾ?

ಟೆಕ್ನಿಕ್ಕಿನ ದೊಡ್ಡ ಕುಂದು ಬೆಲೆ. ಬ್ರ್ಯಾಂಡ್ ಇಲ್ಲದ ಅಗ್ಗದ ಪಿನ್ನುಗಳನ್ನೂ ಬೆರೆಸಿ ನೋಡಿದೆವು. ಕೆಲವು ತೂತಿನಲ್ಲಿ ಗಡಗಡ ಅಂದವು, ಕೆಲವನ್ನು ತೆಗೆಯಲು ಇಕ್ಕಳವೇ ಬೇಕಾಯಿತು. ಬೀಮು ಅಗ್ಗದ್ದಾದರೂ ಪರವಾಗಿಲ್ಲ, ಪಿನ್ನು ಮತ್ತು ಆಕ್ಸೆಲ್‌ನಲ್ಲಿ ಮಾತ್ರ ಜುಗ್ಗತನ ಬೇಡ. ಉದ್ದದ ಆಕ್ಸೆಲ್ಲಿಗೆ ಮೋಟರ್ ಹಚ್ಚಿದರೆ ಅದು ಹುರಿಯಂತೆ ತಿರುಚಿಕೊಳ್ಳುವುದೂ ಉಂಟು, ಆದಷ್ಟು ಗಿಡ್ಡದ್ದು ಹಾಕಿ.

ಕೊನೆಗೆ ಗೋಪುರ ಮೆಕ್ಯಾನಿಕ್ಸಿನದು, ತೋಳು ಟೆಕ್ನಿಕ್ಕಿನದು ಆಯಿತು. ಎರಡರ ತೂತುಗಳು ಒಂದಕ್ಕೊಂದು ಕೂಡುವುದಿಲ್ಲ, ಹಾಗಾಗಿ ನಡುವೆ ಕೇಬಲ್ ಟೈ ಎಳೆದು ಬಿಗಿದೆವು. ನೋಡಲು ಅಷ್ಟು ಚೆಂದ ಇಲ್ಲ, ಬಾಟಲಿ ಮಾತ್ರ ಸಲೀಸಾಗಿ ಎದ್ದಿತು. ಒಂದೇ ಸೆಟ್ಟು ಕೊಳ್ಳುವುದಾದರೆ, ಹತ್ತು ವರ್ಷದೊಳಗಿನ ಮಕ್ಕಳಿಗೆ ನನ್ನ ಮತ ಮೆಕ್ಯಾನಿಕ್ಸಿಗೆ. ಮೋಟರು, ಗೇರು ಅಂತ ಮುಂದೆ ಹೋಗುವವರು ದುಡ್ಡು ಕೂಡಿಸಿ ಟೆಕ್ನಿಕ್ ತಗೊಳ್ಳಲಿ.